'ಇನ್ನೊಂದ್ ಸಲ ಉಲ್ಟಾ ಹೊಡಿ' ಅನ್ನೋದನ್ನ ಮೊದಲು ನಿಲ್ಲಿಸಿ

ಭಾನುವಾರ ಬೆಳಿಗ್ಗೆ ವಿನೋಬನಗರದ ಯಾವುದೇ ಕಟಿಂಗ್ ಶಾಪಿನ ಬೆಂಚಿನ ಮೇಲೆ ಹತ್ತು ನಿಮಿಷ ಕೂತಿರಿ. ಪೇಪರ್ ಓದಬೇಡಿ, ಮೊಬೈಲ್ ನೋಡಬೇಡಿ, ಸುಮ್ಮನೆ ಕೇಳಿಸಿಕೊಳ್ಳಿ. ಈ ಮಾತು ಬಂದೇ ಬರುತ್ತೆ: "ಇನ್ನೊಂದ್ ಸಲ ಉಲ್ಟಾ ಹೊಡಿ ಮಾರಾಯ, ಕೈಗೆ ಚುಚ್ತಾ ಇದೆ."

ಹಾಗೆ ಹೇಳುವವರ ಮುಖದ ಮೇಲೆ ಆಗಲೇ ಎರಡು ಸುತ್ತು ಬ್ಲೇಡ್ ಓಡಿರುತ್ತೆ. ನೊರೆ ಒರೆಸಿ ಆಗಿರುತ್ತೆ. ಕೇಳಿದ್ದಾರಲ್ಲ ಅಂತ ಅಂಗಡಿಯವರು ಬಾಟಲಿಯಿಂದ ಚೂರು ನೀರು ಚಿಮುಕಿಸಿ, ಕತ್ತಿನ ಬುಡದಿಂದ ಗದ್ದದ ಕಡೆಗೆ ಮತ್ತೆ ಬ್ಲೇಡ್ ಎಳೆಯುತ್ತಾರೆ. ಕರ್ ಕರ್ ಅಂತ ಸದ್ದು ಬರುತ್ತೆ. ಗಿರಾಕಿ ಕೆನ್ನೆ ಸವರಿಕೊಂಡು ಕನ್ನಡಿ ನೋಡಿ ಖುಷಿಯಾಗುತ್ತಾರೆ. "ಈಗ ನೋಡು, ಬೆಣ್ಣೆ ಹಂಗಾಯ್ತು." ಸಂಜೆಗೆ ಕತ್ತು ಕೆಂಪಗೆ. ಮಂಗಳವಾರದ ಹೊತ್ತಿಗೆ ಗದ್ದದ ಕೆಳಗೆ ಸಾಲಾಗಿ ಗುಳ್ಳೆ. ಅಂಗಡಿಯ ಸೋಪು ಸರಿ ಇಲ್ಲ, ನೀರು ಸರಿ ಇಲ್ಲ, ಬಿಸಿಲು ಜಾಸ್ತಿ, ಮೈ ಹೀಟಾಗಿದೆ. ಎಲ್ಲದಕ್ಕೂ ಬೈಗುಳ ಬೀಳುತ್ತೆ, ತಾವೇ ಕೇಳಿ ಹೊಡೆಸಿಕೊಂಡ ಆ ಮೂರನೇ ಸುತ್ತಿಗೆ ಮಾತ್ರ ಬೀಳಲ್ಲ.

ನನ್ನ ವಾದ ಇಷ್ಟೇ. ಬಿಡಿ ಬ್ಲೇಡಿನ ಶೇವಿಂಗಿಗೆ ಚೆನ್ನಾಗಿ ನೊರೆ ತಿಕ್ಕಿ, ಕೂದಲು ಬೆಳೆದ ದಿಕ್ಕಿಗೇ ಎಳೆದ ಒಂದು ಸುತ್ತು ಸಾಕು. ಎಲ್ಲೋ ಉಳಿದಿದೆ ಅನ್ನಿಸಿದರೆ ಮತ್ತೆ ನೊರೆ ಹಚ್ಚಿ, ಅಡ್ಡಕ್ಕೆ ಹಗುರವಾಗಿ ಇನ್ನೊಂದು ಸುತ್ತು. ಅಲ್ಲಿಗೆ ಮುಗೀತು. ಮೂರನೆಯದು, ಅದೂ ಉಲ್ಟಾ, ಶೇವಿಂಗೇ ಅಲ್ಲ. ಅದು ದುಡ್ಡು ಕೊಟ್ಟು ಚರ್ಮ ಕೆರೆಸಿಕೊಳ್ಳುವ ಕೆಲಸ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಎಷ್ಟು ಸಲ ಎಳೆದರು ಅಂತ ಇಷ್ಟು ಲೆಕ್ಕ ಇಡುವ ನಾವು, ಈ ಬ್ಲೇಡ್ ನನಗಿಂತ ಮೊದಲು ಯಾರ ಕೆನ್ನೆ ಮೇಲೆ ಓಡಿತ್ತು ಅಂತ ಒಮ್ಮೆಯೂ ಕೇಳುವುದಿಲ್ಲ.

ಅಡಿಕೆಗೆ ಎಲೆಚುಕ್ಕಿ ರೋಗ ಬಂದು ತೋಟ ಹಾಳಾಗ್ತಿದೆ, ಇವನು ಗಡ್ಡದ ಬಗ್ಗೆ ಬರೀತಾನೆ ಅಂತ ನಗುವವರು ನಗಲಿ. ಎಲೆಚುಕ್ಕಿ ಬಗ್ಗೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ. ಆದರೆ ಎಪಿಎಂಸಿಗೆ ಅಡಿಕೆ ತಂದವರೂ, ಭದ್ರಾವತಿಯಿಂದ ಬಸ್ಸಿಗೆ ಬಂದವರೂ, ಪೊಲೀಸ್ ಚೌಕಿ ಹತ್ತಿರ ಗಾಡಿ ನಿಲ್ಲಿಸಿ ಬರುವವರೂ ಕೊನೆಗೆ ಒಂದೇ ಕುರ್ಚಿಯಲ್ಲಿ ಕೂತು, ತಲೆ ಹಿಂದಕ್ಕೆ ಹಾಕಿ, ಕತ್ತು ಎತ್ತಿ ಇನ್ನೊಬ್ಬರ ಕೈಯ ಬ್ಲೇಡಿಗೆ ಗಂಟಲು ಕೊಡುತ್ತಾರೆ. ಇದರ ಬಗ್ಗೆ ಬರೆಯದೆ ಇನ್ನು ಯಾವುದರ ಬಗ್ಗೆ ಬರೆಯೋದು?

ಮೊದಲು ಕೂದಲಿನ ವಿಷಯ. ಈಗಲೇ ಕೈ ಎತ್ತಿ ಕೆನ್ನೆ ಸವರಿ ನೋಡಿ. ಮೇಲಿಂದ ಕೆಳಕ್ಕೆ ಸವರಿದರೆ ನಯ, ಕೆಳಗಿಂದ ಮೇಲಕ್ಕೆ ಸವರಿದರೆ ಚುಚ್ಚು. ಅಂದರೆ ಅಲ್ಲಿ ಕೂದಲು ಕೆಳಮುಖ ಬೆಳೆದಿದೆ. ಈಗ ಕತ್ತಿಗೆ ಬನ್ನಿ. ತುಂಬಾ ಜನರಿಗೆ ಕತ್ತಿನ ಕೂದಲು ಕೆಳಮುಖ ಇರುವುದಿಲ್ಲ. ಕೆಲವರಿಗೆ ಮೇಲ್ಮುಖ, ಕೆಲವರಿಗೆ ಕಿವಿ ಕಡೆಗೆ ಅಡ್ಡ, ಕೆಲವರಿಗೆ ಗದ್ದದ ಕೆಳಗೆ ಒಂದು ಸುಳಿಯೇ ಇರುತ್ತೆ. ಎತ್ತಿಗೆ ಸುಳಿ ನೋಡಿ ಕೊಳ್ಳುವ ನಾವು ನಮ್ಮ ಕತ್ತಿನ ಸುಳಿ ನೋಡಿಕೊಂಡಿಲ್ಲ. ಹಾಗಾಗಿ ಉಲ್ಟಾ ಅಂದರೆ ಕೆಳಗಿಂದ ಮೇಲಕ್ಕೆ ಅಂತ ಎಲ್ಲರಿಗೂ ಒಂದೇ ಲೆಕ್ಕ ಹೇಳುವುದೇ ತಪ್ಪು. ಕೆಲವರ ಕತ್ತಿನಲ್ಲಿ ಮೇಲಿಂದ ಕೆಳಕ್ಕೆ ಎಳೆದರೇ ಅದು ಉಲ್ಟಾ. ಅವರಿಗೆ ಮೊದಲ ಸುತ್ತಿನಲ್ಲೇ ಕೆಂಪಾಗಿರುತ್ತೆ, ಯಾಕೆ ಅಂತ ಗೊತ್ತಾಗಿರಲ್ಲ.

ಚರ್ಮ ಬಿಗಿ ಹಿಡಿದು ಕೂದಲಿಗೆ ಎದುರಾಗಿ ಬ್ಲೇಡ್ ಎಳೆದಾಗ ಕೂದಲು ಮೊದಲು ಸ್ವಲ್ಪ ಮೇಲೆ ಎಳೆಯಲ್ಪಟ್ಟು ಆಮೇಲೆ ತುಂಡಾಗುತ್ತೆ. ಕೈ ಬಿಟ್ಟ ಕೂಡಲೇ ಆ ತುಂಡಾದ ತುದಿ ಚರ್ಮದ ಒಳಗೆ ಇಳಿಯುತ್ತೆ. ಅದಕ್ಕೇ ಕೈಗೆ ಬೆಣ್ಣೆ ಅನ್ನಿಸುವುದು. ಆದರೆ ಕೂದಲಿಗೆ ನಮ್ಮ ಖುಷಿ ಗೊತ್ತಿಲ್ಲವಲ್ಲ, ಅದು ಬೆಳೆಯುತ್ತೆ. ಚೂಪಾದ ತುದಿ ಬಂದ ದಾರಿಯಲ್ಲೇ ಹೊರಗೆ ಬರದೆ ಪಕ್ಕದ ಚರ್ಮವನ್ನು ಒಳಗಿನಿಂದಲೇ ಚುಚ್ಚುತ್ತೆ. ಮೈ ಅದನ್ನು ಮುಳ್ಳು ಹೊಕ್ಕಂತೆ ನೋಡಿ ಊದಿಸಿಕೊಳ್ಳುತ್ತೆ. ಆ ಗುಳ್ಳೆಗಳು ಹೀಟಿಗೆ ಬಂದದ್ದಲ್ಲ. ಒಳಗೆ ಸಿಕ್ಕಿಕೊಂಡ ಕೂದಲು ಅದು. ಗುಂಗುರು ಕೂದಲಿನವರಿಗೆ ಈ ಕಾಟ ಇನ್ನೂ ಹೆಚ್ಚು, ಯಾಕೆಂದರೆ ಅವರ ಕೂದಲು ಹೊರಗೆ ಬಂದ ಮೇಲೂ ಬಾಗಿ ಮತ್ತೆ ಚರ್ಮಕ್ಕೇ ಚುಚ್ಚುತ್ತೆ.

ಇಷ್ಟೆಲ್ಲ ಮಾಡಿ ಗೆದ್ದದ್ದೇನು? ಗಡ್ಡದ ಕೂದಲು ದಿನಕ್ಕೆ ಅರ್ಧ ಮಿಲಿಮೀಟರೂ ಬೆಳೆಯುವುದಿಲ್ಲ. ಮೂರನೇ ಸುತ್ತಿನಲ್ಲಿ ತೆಗೆದದ್ದು ಅದರಲ್ಲೊಂದು ಚೂರು. ಅಂದರೆ ನಿಮ್ಮ ಬೆಣ್ಣೆ ಉಳಿಯುವುದು ಕೆಲವು ಗಂಟೆ ಮಾತ್ರ. ಶನಿವಾರ ರಾತ್ರಿ ಮಾಡಿಸಿಕೊಂಡದ್ದು ಭಾನುವಾರ ಮದುವೆ ಊಟದ ಹೊತ್ತಿಗೆ ಒಂದು ಸುತ್ತು ಮಾಡಿಸಿಕೊಂಡವರ ಕೆನ್ನೆಯ ಹಾಗೇ ಇರುತ್ತೆ. ವ್ಯತ್ಯಾಸ ಒಂದೇ, ಅವರ ಕತ್ತಿನಲ್ಲಿ ಗುಳ್ಳೆ ಇರಲ್ಲ. ಮದುಮಗನಿಗೆ ಮಾತ್ರ ಮೂರು ಸುತ್ತು ಬೇಕೇ ಬೇಕು ಅಂತ ಹಠ ಹಿಡಿಯುವ ಸೋದರಮಾವಂದಿರು ಇದನ್ನು ದಯವಿಟ್ಟು ಎರಡು ಸಲ ಓದಿ. ಧಾರೆಯ ದಿನ ಫೋಟೋದಲ್ಲಿ ಬೀಳುವುದು ಆ ಹುಡುಗನ ಕೆಂಪು ಕತ್ತು.

ಹಾಗಾದರೆ ಕೈಗೆ ಚುಚ್ಚುವುದು ಯಾಕೆ ಅಂತ ಕೇಳಿ. ಎರಡೇ ಕಾರಣ. ಒಂದು, ಕೂದಲು ನೆನೆದಿಲ್ಲ. ಎರಡು, ಬ್ಲೇಡಿಗೆ ಹರಿತ ಇಲ್ಲ.

ಒಣ ಕೂದಲು ಗಟ್ಟಿ. ಎರಡು ಮೂರು ನಿಮಿಷ ನೀರಿನಲ್ಲಿ ನೆನೆದ ಕೂದಲು ಮೆತ್ತಗಾಗುತ್ತೆ, ಅದನ್ನು ಕತ್ತರಿಸಲು ಬೇಕಾದ ಬಲ ತುಂಬಾ ಕಡಿಮೆಯಾಗುತ್ತೆ. ಹಸಿ ಹುಲ್ಲು ಕೊಯ್ಯುವುದಕ್ಕೂ ಒಣ ಹುಲ್ಲು ಕೊಯ್ಯುವುದಕ್ಕೂ ಇರುವ ಫರಕು ಕುಡುಗೋಲು ಹಿಡಿದವರಿಗೆ ಹೇಳಬೇಕಾಗಿಲ್ಲ. ಹಳಬರು ಬ್ರಶ್ಶಿನಲ್ಲಿ ಸುತ್ತಿ ಸುತ್ತಿ ನೊರೆ ತಿಕ್ಕುತ್ತಿದ್ದದ್ದು ಶೋಕಿಗಲ್ಲ. ಬ್ರಶ್ಶಿನ ಕೆಲಸವೇ ಮಲಗಿದ ಕೂದಲನ್ನು ಎಬ್ಬಿಸುವುದು, ಎಣ್ಣೆ ಜಿಡ್ಡು ಬಿಡಿಸುವುದು, ನೀರು ಬುಡಕ್ಕೆ ಇಳಿಸುವುದು. ಈಗ ಭಾನುವಾರದ ರಶ್ಶಿನಲ್ಲಿ ಡಬ್ಬಿಯ ಫೋಮ್ ಒತ್ತಿ, ಒಮ್ಮೆ ಸವರಿ, ಮೂವತ್ತು ಸೆಕೆಂಡಿನಲ್ಲಿ ಬ್ಲೇಡ್ ಹಚ್ಚುತ್ತಾರೆ. ಯಾಕೆ ಹಚ್ಚುತ್ತಾರೆ? ಹಿಂದೆ ಬೆಂಚಿನ ಮೇಲೆ ನೀವು ಕೂತು "ಎಷ್ಟೊತ್ತು ಮಾರಾಯ" ಅಂತಿರುತ್ತೀರಿ. ನೆನೆಸುವುದಕ್ಕೆ ಎರಡು ನಿಮಿಷ ಕೊಡದವರು ಆಮೇಲೆ ಕೆರೆಯುವುದಕ್ಕೆ ಐದು ನಿಮಿಷ ಕೇಳುತ್ತಾರೆ. ನಾನು ಈಗ ಅಂಗಡಿಗೆ ಹೋದರೆ ಬೇಸಿನ್ ಹತ್ತಿರ ನಿಂತು ಮೊದಲು ಮುಖ ತೊಳೆದುಕೊಂಡೇ ಕೂರುವುದು. ನಳ ಇಲ್ಲದ ಅಂಗಡಿಯಲ್ಲಿ ಒಂದು ಮಗ್ ನೀರು ಕೇಳಿ, ಕೊಡುತ್ತಾರೆ.

ಇನ್ನು ಬ್ಲೇಡು. ನಮ್ಮ ಅಂಗಡಿಗಳಲ್ಲಿ ಈಗಿರುವುದು ಅಜ್ಜನ ಕಾಲದ ಕತ್ತಿಯಲ್ಲ. ಹಿಡಿಯೊಳಗೆ ಬ್ಲೇಡ್ ಸಿಕ್ಕಿಸುವ ಉಸ್ತ್ರ. ಎರಡು ಕಡೆ ಹರಿತ ಇರುವ ಬ್ಲೇಡನ್ನು ಕವರ್ ಸಮೇತ ಮಧ್ಯೆ ಮುರಿದು ಅರ್ಧ ಹಾಕುತ್ತಾರೆ. ಆ ಅರ್ಧ ಬ್ಲೇಡ್ ಒಬ್ಬರ ಮುಖಕ್ಕೆ ಧಾರಾಳ. ಇನ್ನೊಬ್ಬರಿಗೆ ಅದು ಮೊಂಡು, ಮೂರನೆಯವರಿಗೆ ಹಿಂಸೆ. ಈಗ ಲೆಕ್ಕ ಹಾಕಿ. ಮೊಂಡು ಬ್ಲೇಡ್ ಒಂದು ಸುತ್ತಿಗೆ ಕೂದಲು ಪೂರ್ತಿ ತೆಗೆಯಲ್ಲ, ಬಿಟ್ಟು ಬಿಟ್ಟು ಹೋಗುತ್ತೆ. ಗಿರಾಕಿ ಇನ್ನೊಂದು ಸಲ ಅನ್ನುತ್ತಾರೆ. ಅದೇ ಮೊಂಡು ಬ್ಲೇಡ್ ಮತ್ತೆ ಓಡುತ್ತೆ, ಈ ಸಲ ಒತ್ತಿ. ಆಗಲೂ ಬರಲ್ಲ, ಉಲ್ಟಾ ಹೊಡೆಯುತ್ತಾರೆ. ಗಿರಾಕಿ ಮನೆಗೆ ಹೋಗಿ "ಚೆನ್ನಾಗಿ ಮಾಡ್ತಾರೆ, ಮೂರು ಸಲ ಹೊಡೆದ್ರು" ಅಂತ ಹೊಗಳುತ್ತಾರೆ! ಮೂರು ಸಲ ಹೊಡೆಯಬೇಕಾಗಿ ಬಂತು ಅಂದರೆ ಮೊದಲ ಎರಡು ಸಲ ಕೆಲಸ ಆಗಿಲ್ಲ ಅಂತ ಅರ್ಥ. ಗದ್ದೆಗೆ ಮೂರು ಸಲ ಟಿಲ್ಲರ್ ಹೊಡೆಸಿದವರು ಡ್ರೈವರನ್ನು ಹೊಗಳುತ್ತೀರೋ, ಬ್ಲೇಡ್ ಸವೆದಿದೆ ಅಂತೀರೋ?

ಕೈ ಬಲ್ಲವರ ಕೆಲಸ ನೋಡಿದರೆ ಗೊತ್ತಾಗುತ್ತೆ. ಅವರು ಒತ್ತುವುದಿಲ್ಲ. ಬ್ಲೇಡನ್ನು ಚರ್ಮಕ್ಕೆ ಸುಮಾರು ಮೂವತ್ತು ಡಿಗ್ರಿ ಓರೆ ಇಟ್ಟು, ಇನ್ನೊಂದು ಕೈಯಲ್ಲಿ ಚರ್ಮವನ್ನು ಹದವಾಗಿ ಹಿಡಿದು, ಸಣ್ಣ ಸಣ್ಣ ಎಳೆತದಲ್ಲಿ ಹೋಗುತ್ತಾರೆ. ನಡುವೆ ಬ್ಲೇಡ್ ಒರೆಸುತ್ತಾರೆ. ಗದ್ದದ ಮೂಲೆ ಬಂದಾಗ ಚರ್ಮವನ್ನು ಎಳೆದು ಎಲುಬಿನ ಮೇಲಿನಿಂದ ಪಕ್ಕಕ್ಕೆ ತಂದುಕೊಳ್ಳುತ್ತಾರೆ. ಗಂಟಲಿನ ಉಬ್ಬಿನ ಹತ್ತಿರ ನಮಗೆ ಉಗುಳು ನುಂಗಲು ಬಿಟ್ಟು ಆಮೇಲೆ ಮುಂದುವರಿಯುತ್ತಾರೆ. ಇದನ್ನು ಕಲಿಯಲು ವರ್ಷ ಬೇಕು. ಹೊಸದಾಗಿ ಕಲಿಯುವ ಹುಡುಗರಿಗೆ ಊದಿದ ಬಲೂನಿನ ಮೇಲೆ ನೊರೆ ಹಚ್ಚಿ ತೆಗೆಯಲು ಕೊಡುವುದುಂಟು. ಅಂಥ ಕೈಯವರಿಗೆ ನಾವು ಬೆಂಚಿನಿಂದ ಎದ್ದು ಬಂದು "ಉಲ್ಟಾ ಹೊಡಿ" ಅಂತ ಪಾಠ ಹೇಳುತ್ತೇವೆ.

ಇಲ್ಲಿ ಹಳೇ ಕಾಲದವರು ಒಂದು ಮಾತು ತೆಗೆಯುತ್ತಾರೆ. ಆ ಕತ್ತಿ ಎಲ್ಲಿ, ಈ ಬ್ಲೇಡ್ ಎಲ್ಲಿ, ಕಲ್ಲಿಗೆ ಮಸೆದು ಚರ್ಮದ ಪಟ್ಟಿಗೆ ಉಜ್ಜಿ ಹೊಡೆದರೆ ಒಂದೇ ಸುತ್ತಿಗೆ ನುಣ್ಣಗೆ ಅಂತ. ಕತ್ತಿ ಭಾರ ಇತ್ತು, ಅದರ ಭಾರಕ್ಕೇ ಕೂದಲು ಹೋಗುತ್ತಿತ್ತು ಅನ್ನುವುದು ನಿಜ. ಆದರೆ ಅದೇ ಕತ್ತಿ ಇಡೀ ಊರಿನ ಕೆನ್ನೆ ಮೇಲೆ ಓಡುತ್ತಿತ್ತು ಅನ್ನುವುದೂ ನಿಜ. ವರ್ಷಕ್ಕೆ ಇಷ್ಟು ಭತ್ತ ಅಂತ ಆಯ ಕೊಟ್ಟು, ಜಗುಲಿಯ ಕೆಳಗೆ ಅಂಗಳದಲ್ಲಿ ಕೂರಿಸಿ ಮಾಡಿಸಿಕೊಂಡ ಆ ಶೇವಿಂಗ್ ನೆನಪಿಗೆ ಸಿಹಿಯಾಗಿರಬಹುದು. ಕುಕ್ಕರಗಾಲಲ್ಲಿ ಕೂತು ಕತ್ತಿ ಹಿಡಿದವರಿಗೂ ಅದು ಸಿಹಿಯಾಗಿತ್ತಾ ಅಂತ ಯಾರಾದರೂ ಕೇಳಿದ್ದೀರಾ?

ಇನ್ನೊಂದು ಕಡೆ ಟೀವಿ ಜಾಹೀರಾತು. ಜಿಲೆಟ್ ಕಂಪನಿ 1998ರಲ್ಲಿ ಮೂರು ಬ್ಲೇಡಿನ ಮ್ಯಾಕ್ ತ್ರೀ ತಂದಿತು, 2006ರಲ್ಲಿ ಐದು ಬ್ಲೇಡಿನ ಫ್ಯೂಶನ್. ಒಂದು ಎಳೆತಕ್ಕೆ ಐದು ಸಲ ಹೊಡೆದ ಹಾಗೆ ಅನ್ನುವ ಆಸೆ ಅದು. ಎಷ್ಟು ಹೆಚ್ಚು ಸಲ ಬ್ಲೇಡ್ ಓಡಿದರೆ ಅಷ್ಟು ಒಳ್ಳೆಯದು ಅನ್ನುವ ನಂಬಿಕೆ ನಮ್ಮ ತಲೆಗೆ ಹೊಕ್ಕಿದ್ದರಲ್ಲಿ ಇದರ ಪಾಲೂ ಇದೆ. ಆದರೆ ಅದೇ ಕಂಪನಿ 2010ರಲ್ಲಿ ನಮ್ಮ ದೇಶದ ಹಳ್ಳಿ ಗಂಡಸರಿಗೆ ಅಂತಲೇ ಜಿಲೆಟ್ ಗಾರ್ಡ್ ಮಾಡಿತು. ನಳದ ನೀರಿಲ್ಲದೆ ಒಂದು ಚೊಂಬು ನೀರಿನಲ್ಲಿ, ನೆಲದ ಮೇಲೆ ಕೂತು, ಸಣ್ಣ ಕನ್ನಡಿ ಇಟ್ಟುಕೊಂಡು ಶೇವಿಂಗ್ ಮಾಡುವವರನ್ನು ನೋಡಿಕೊಂಡು ಮಾಡಿದ್ದು. ಬೆಲೆ 15 ರೂಪಾಯಿ. ಅದರಲ್ಲಿ ಎಷ್ಟು ಬ್ಲೇಡ್ ಇತ್ತು ಗೊತ್ತಾ? ಒಂದೇ ಒಂದು. ಐದು ಬ್ಲೇಡ್ ಮಾರುವವರಿಗೇ ಒಂದು ಸಾಕು ಅಂತ ಗೊತ್ತಿದೆ.

ಈಗ ರಕ್ತದ ಮಾತಿಗೆ ಬರುತ್ತೇನೆ. ಈ ಬರಹಕ್ಕೆ ಕಾರಣವೇ ಅದು.

ಉಲ್ಟಾ ಸುತ್ತಿನಲ್ಲಿ ಚರ್ಮದ ಮೇಲ್ಪದರ ಹೋಗುತ್ತೆ. ಕಣ್ಣಿಗೆ ಕಾಣುವಷ್ಟು ರಕ್ತ ಬರಬೇಕು ಅಂತಿಲ್ಲ. ಲೋಷನ್ ಹಚ್ಚಿದಾಗ ಉರಿಯಿತು ಅಂದರೆ ಅಲ್ಲೆಲ್ಲ ಬಾಯಿ ಬಿಟ್ಟಿದೆ ಅಂತಲೇ ಅರ್ಥ. ಆ ಉರಿಯನ್ನು ನಾವು "ಆಹಾ" ಅಂತ ಅನುಭವಿಸುತ್ತೇವೆ. ಆ ಬಾಯಿ ಬಿಟ್ಟ ಚರ್ಮದ ಮೇಲೆ ಓಡುವ ಬ್ಲೇಡ್ ಹಿಂದಿನ ಗಿರಾಕಿಯದ್ದಾದರೆ ಏನಾಗಬಹುದು? ಎಲ್ಲರೂ ಹೆದರುವುದು ಎಚ್‌ಐವಿಗೆ. ಅದು ಮೈಯಿಂದ ಹೊರಗೆ ಬಂದರೆ ಹೆಚ್ಚು ಕಾಲ ಬಾಳುವ ವೈರಸ್ ಅಲ್ಲ. ನಿಜಕ್ಕೂ ಹೆದರಬೇಕಾದ್ದು ಹೆಪಟೈಟಿಸ್ ಬಿಗೆ. ಇದು ಒಣಗಿದ ರಕ್ತದ ಕಲೆಯಲ್ಲೂ ಏಳು ದಿನ ಜೀವ ಹಿಡಿದುಕೊಂಡಿರಬಲ್ಲದು. ಏಳು ದಿನ! ಅಂದರೆ ಹೋದ ಭಾನುವಾರದ ಬ್ಲೇಡ್ ಈ ಭಾನುವಾರಕ್ಕೂ ಅಪಾಯವೇ. ಹೆಪಟೈಟಿಸ್ ಸಿ ಕೂಡ ರಕ್ತದಿಂದಲೇ ಹರಡುತ್ತೆ.

ದೊಡ್ಡವರಿಗೆ ಹೆಪಟೈಟಿಸ್ ಬಿ ತಗುಲಿದರೆ ಹೆಚ್ಚಿನವರಲ್ಲಿ ತಾನಾಗಿ ವಾಸಿಯಾಗುತ್ತೆ. ಕೆಲವರಲ್ಲಿ ಮಾತ್ರ ಸದ್ದಿಲ್ಲದೆ ಉಳಿದು ವರ್ಷಗಟ್ಟಲೆ ಲಿವರ್ ತಿನ್ನುತ್ತೆ. ನಮ್ಮ ಕಡೆ ಕಣ್ಣು ಹಳದಿಯಾದರೆ ಕಾಮಾಲೆ ಅಂತ ನಾಟಿ ಔಷಧಿಗೆ ಹೋಗುತ್ತಾರೆ, ಪಥ್ಯ ಮಾಡುತ್ತಾರೆ, ಹಳದಿ ಇಳಿದರೆ ವಾಸಿ ಅಂತಾರೆ. ಯಾವ ಕಾಮಾಲೆ, ನೀರಿನಿಂದ ಬಂದದ್ದೋ ರಕ್ತದಿಂದ ಬಂದದ್ದೋ ಅಂತ ಪರೀಕ್ಷೆ ಮಾಡಿಸುವವರು ಕಡಿಮೆ. ಬ್ಲೇಡಿನ ಮೇಲೆ ಯಾರಿಗೂ ಅನುಮಾನವೇ ಬರಲ್ಲ.

"ಡೆಟಾಲ್ ನೀರಲ್ಲಿ ಅದ್ದುತ್ತಾರಲ್ಲ" ಅನ್ನಬಹುದು. ಒಮ್ಮೆ ಅದ್ದಿ ತೆಗೆದರೆ ಈ ವೈರಸ್ ಸಾಯುತ್ತೆ ಅಂತ ನಂಬಿ ಕೂರುವ ಹಾಗಿಲ್ಲ. "ಸ್ಫಟಿಕ ಉಜ್ಜುತ್ತಾರಲ್ಲ" ಅನ್ನಬಹುದು. ಸ್ಫಟಿಕ ರಕ್ತ ನಿಲ್ಲಿಸುತ್ತೆ, ಅಷ್ಟೇ. ಅದೇ ಸ್ಫಟಿಕದ ಕಲ್ಲನ್ನು ನಿಮಗಿಂತ ಮೊದಲು ಎಷ್ಟು ಜನರ ರಕ್ತದ ಮೇಲೆ ಉಜ್ಜಿದ್ದಾರೆ ಅಂತ ಯೋಚಿಸಿ. ಅದು ಸವೆದು ನುಣ್ಣಗಾಗಿದ್ದು ಸುಮ್ಮನೆ ಅಲ್ಲ.

ತಿರುಪತಿಗೆ ಹೋದವರು ಈ ಊರಿನಲ್ಲಿ ಮನೆಗೊಬ್ಬರಾದರೂ ಇದ್ದೀರಿ. ತಿರುಮಲದ ಕಲ್ಯಾಣಕಟ್ಟೆಯಲ್ಲಿ ಮುಡಿ ಕೊಡಲು ಸಾಲಿನಲ್ಲಿ ನಿಂತಾಗ ಟೋಕನ್ ಜೊತೆ ನಿಮ್ಮ ಕೈಗೆ ಏನು ಕೊಟ್ಟರು? ಅರ್ಧ ಬ್ಲೇಡ್. ಕಾಗದದಲ್ಲಿ ಸುತ್ತಿದ ಅರ್ಧ ಬ್ಲೇಡ್, ಒಬ್ಬರಿಗೆ ಒಂದು. ಅದನ್ನು ನೀವೇ ಒಯ್ದು ಮುಡಿ ತೆಗೆಯುವವರ ಕೈಗೆ ಕೊಟ್ಟಿರಿ. ದಿನಕ್ಕೆ ಸಾವಿರಾರು ತಲೆ ಬೋಳಿಸುವ ಜಾಗದಲ್ಲಿ ಒಂದು ತಲೆಗೆ ಒಂದು ಬ್ಲೇಡ್ ಅನ್ನುವ ನಿಯಮ ನಡೆಯುತ್ತೆ. ನೀವೂ ಅದನ್ನು ಪ್ರಸಾದದ ಹಾಗೆ ಭದ್ರವಾಗಿ ಹಿಡಿದುಕೊಂಡು ಹೋದಿರಿ. ಊರಿಗೆ ಬಂದ ಮೇಲೆ, ಭಾನುವಾರಕ್ಕೆ ಇಪ್ಪತ್ತು ಮೂವತ್ತು ಜನ ಬರುವ ಅಂಗಡಿಯಲ್ಲಿ ಬ್ಲೇಡ್ ಬದಲಿಸಿ ಅಂತ ಕೇಳಲು ನಾಚಿಕೆ ಯಾಕೆ? ಅರ್ಧ ಬ್ಲೇಡಿನ ಬೆಲೆ ಒಂದೆರಡು ರೂಪಾಯಿ ಮಾತ್ರ, ಒಂದು ಸಿಗರೇಟಿಗಿಂತ ಎಷ್ಟೋ ಕಡಿಮೆ. ನಿಮ್ಮ ಕಣ್ಣೆದುರು ಕವರ್ ಬಿಚ್ಚಿ ಹಾಕಲಿ. ಕೇಳಲು ಸಂಕೋಚವಾದರೆ ಒಂದು ಪ್ಯಾಕೆಟ್ ಬ್ಲೇಡ್ ಜೇಬಿನಲ್ಲಿಟ್ಟುಕೊಂಡು ಹೋಗಿ ಕೊಡಿ. ಯಾರೂ ತಪ್ಪು ತಿಳಿಯಲ್ಲ. ವಿನೋಬನಗರದಲ್ಲಿ ಕೇಳದೆಯೇ ಹೊಸದು ಹಾಕುವ ಅಂಗಡಿಗಳು ಬೇಕಾದಷ್ಟಿವೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಸಮಸ್ಯೆ ಹೆಚ್ಚು ಇರುವುದು ರಶ್ ಇದ್ದಾಗ, ಜಾತ್ರೆ ಸಮಯದಲ್ಲಿ, ರೇಟು ತೀರಾ ಕಡಿಮೆ ಇರುವ ಹಳ್ಳಿ ಅಂಗಡಿಗಳಲ್ಲಿ.

ಈ ವಿಷಯದಲ್ಲಿ ನನಗೆ ನಿಜಕ್ಕೂ ಸಿಟ್ಟು ಬರುವ ಒಂದು ಸಂಗತಿ ಇದೆ. ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ ಕ್ಷೌರಿಕರೊಬ್ಬರು ದಲಿತರಿಗೆ ಕಟಿಂಗ್ ಮಾಡಿದರು ಅಂತ ಊರಿನವರು 50,000 ರೂಪಾಯಿ ದಂಡ ಹಾಕಿ ಬಹಿಷ್ಕಾರ ಹಾಕಿದ ಸುದ್ದಿ 2020ರ ನವೆಂಬರಿನಲ್ಲಿ ಬಂತು. ಅದೊಂದೇ ಅಲ್ಲ. ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರಲ್ಲಿ 2024ರ ಆಗಸ್ಟಿನಲ್ಲಿ ಕಟಿಂಗ್ ಕೇಳಲು ಹೋದ ದಲಿತ ಯುವಕನ ಜೀವವೇ ಹೋಯಿತು. ಅವರಿಗೆ ಮುಟ್ಟಿಸಿದ ಕತ್ತರಿ ನಮಗೆ ಮುಟ್ಟಿಸಬೇಡಿ ಅನ್ನುವ ಜನ ಯಾರು ನೋಡಿ. ತಮ್ಮದೇ ಕೇರಿಯ ಐದು ಜನರ ಕತ್ತು ಕೆರೆದ ಬ್ಲೇಡನ್ನು ಆರನೆಯವರಾಗಿ ಕುರ್ಚಿಯಲ್ಲಿ ಕೂತು, ಕತ್ತೆತ್ತಿ ತೆಗೆದುಕೊಳ್ಳುವವರು ಇದೇ ಜನ. ಅದು ಮೈಲಿಗೆ ಅಲ್ಲವಂತೆ! ವೈರಸ್ಸಿಗೆ ಜಾತಿ ಪಟ್ಟಿ ಕೊಟ್ಟಿದ್ದಾರಾ? ಎಲ್ಲರಿಗೂ ಒಂದೇ ಕುರ್ಚಿ, ಒಬ್ಬೊಬ್ಬರಿಗೂ ಹೊಸ ಬ್ಲೇಡ್ ಅನ್ನುವುದು ಅಂಗಡಿಯ ನಿಯಮವಾದರೆ ಎರಡೂ ರೋಗಕ್ಕೆ ಔಷಧಿಯಾಗುತ್ತೆ. ದಂಡ ಹಾಕಬೇಕಾದ್ದು ಹಳೇ ಬ್ಲೇಡಿಗೆ.

ಅಂಗಡಿಯವರ ಕಡೆಯಿಂದಲೂ ನೋಡಬೇಕು. ಒಂದು ಸುತ್ತಿನ ಕೆಲಸಕ್ಕೆ ರೇಟು ಹೇಳಿ, ಮೂರು ಸುತ್ತು ಮಾಡಿಸಿಕೊಂಡು, ಚಿಲ್ಲರೆ ಇಲ್ಲ ಅಂತ ಐದು ರೂಪಾಯಿ ಉಳಿಸಿಕೊಂಡು ಹೋಗುವವರನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಜಿಲ್ಲಾ ಸ್ಟ್ರಿಂಗರ್ ಆಗಿ ನನಗೆ ಈ ಸಂಕಟ ಚೆನ್ನಾಗಿ ಗೊತ್ತು. ನಮಗೂ ಸುದ್ದಿ ಲೆಕ್ಕದಲ್ಲೇ ದುಡ್ಡು. ಡೆಸ್ಕಿನಿಂದ ಫೋನ್ ಬರುತ್ತೆ, "ಇನ್ನೊಂದ್ ಸಲ ತಿದ್ದಿ ಕಳ್ಸಪ್ಪ", ಆಮೇಲೆ "ಇನ್ನೊಂದ್ ಸಲ". ಮೂರು ಸಲ ತಿದ್ದಿದ್ದಕ್ಕೂ ದುಡ್ಡು ಒಂದೇ ಸುದ್ದಿಯದ್ದು, ಆ ಸುದ್ದಿಯೂ ಅಷ್ಟರಲ್ಲಿ ಬೋಳಾಗಿರುತ್ತೆ.

ಮಾತನಾಡಿಸುವ ರೀತಿಯಂತೂ ಬೇಡ. ಅರವತ್ತು ದಾಟಿದ ಹಿರಿಯರಿಗೆ ಇಪ್ಪತ್ತರ ಹುಡುಗ ಕುರ್ಚಿಯಿಂದ "ನೀಟಾಗಿ ಹೊಡಿಯೋ" ಅಂತಾನೆ. ಅದೇ ಹುಡುಗ ಪಕ್ಕದ ಮೆಡಿಕಲ್ ಶಾಪಿನಲ್ಲಿ ತನ್ನ ವಯಸ್ಸಿನವನಿಗೇ "ಸರ್" ಅಂತಾನೆ. ಜಾತಿಯ ಹೆಸರನ್ನೇ ಬೈಗುಳ ಮಾಡಿಕೊಂಡಿದ್ದೇವೆ. ಆ ಹಜಾಮ ಅನ್ನುವ ಪದದ ಮೂಲ ಅರಬ್ಬಿಯಲ್ಲಿದೆ. ಅಲ್ಲಿ ಅದರ ಅರ್ಥ ಕೆಟ್ಟ ರಕ್ತ ಹೀರಿ ತೆಗೆದು ಚಿಕಿತ್ಸೆ ಮಾಡುವವನು ಅಂತ. ವೈದ್ಯನ ಹೆಸರದು. ಇಂಗ್ಲೆಂಡಿನಲ್ಲಿ ಕ್ಷೌರಿಕರೂ ಶಸ್ತ್ರವೈದ್ಯರೂ 1540ರಿಂದ 1745ರವರೆಗೆ ಒಂದೇ ಸಂಘದಲ್ಲಿದ್ದರು. ನಮ್ಮಲ್ಲಿ ಸರ್ಕಾರ ಸವಿತಾ ಮಹರ್ಷಿ ಜಯಂತಿ ಮಾಡುತ್ತೆ, ಹಡಪದ ಅಪ್ಪಣ್ಣ ಜಯಂತಿ ಮಾಡುತ್ತೆ, ನಾವು ಆ ದಿನ ಫೋಟೋ ತೆಗೆದು ಸುದ್ದಿ ಕಳಿಸುತ್ತೇವೆ. ಮಾರನೇ ದಿನ ಕುರ್ಚಿಯಲ್ಲಿ ಕೂತು ಏಕವಚನ.

2020ರ ಲಾಕ್‌ಡೌನ್ ನೆನಪಿದೆಯಲ್ಲ. ಅಂಗಡಿಗಳಿಗೆ ಬೀಗ ಬಿದ್ದಾಗ ಆಗಿನ ಮುಖ್ಯಮಂತ್ರಿ, ನಮ್ಮದೇ ಜಿಲ್ಲೆಯ ಯಡಿಯೂರಪ್ಪ, ರಾಜ್ಯದ ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ಘೋಷಿಸಿದರು. ಮರುವರ್ಷ ಎರಡನೇ ಅಲೆಯಲ್ಲಿ 2,000. ಎರಡು ವರ್ಷದ ಹೊಡೆತಕ್ಕೆ ಅದೆಲ್ಲಿಗೆ ಸಾಕು? ಅಂಗಡಿ ತೆರೆದಾಗ ಒಬ್ಬೊಬ್ಬರಿಗೆ ಒಂದೊಂದು ಪೇಪರ್ ಹೊದಿಕೆ, ಹೊಸ ಬ್ಲೇಡ್, ಸ್ಯಾನಿಟೈಸರ್ ಅಂತ ಎಲ್ಲ ಶಿಸ್ತಾಗಿ ನಡೆಯಿತು. ಗಿರಾಕಿಗಳೇ ಕೇಳಿ ಮಾಡಿಸಿಕೊಂಡರು. ಕೊರೊನಾ ಹೋಯಿತು, ಪೇಪರ್ ಹೊದಿಕೆ ಹೋಯಿತು, ಕೇಳುವ ಬಾಯಿಯೂ ಹೋಯಿತು. ನಾವು ಕೇಳಿದರೆ ಅಂಗಡಿಗಳು ಬದಲಾಗುತ್ತವೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇದರ ನಡುವೆ 2018ರ ಕೊನೆಗೆ ಕೆಜಿಎಫ್ ಬಂದ ಮೇಲೆ ಹುಡುಗರೆಲ್ಲ ಗಡ್ಡ ಬಿಟ್ಟು ಶೇವಿಂಗ್ ಕಡಿಮೆಯಾಯಿತು, ಈಗ ಬರೀ ಶೇಪ್ ಮಾಡಿಸುವವರೇ ಹೆಚ್ಚು ಅಂತ ಅಂಗಡಿಯವರು ಹೇಳುತ್ತಾರೆ. ಶೇಪ್ ಅಂದರೂ ಅದೇ ಬ್ಲೇಡ್, ಅದೇ ಕತ್ತು. ಅಂಚು ಗೆರೆ ಎಳೆದ ಹಾಗೆ ಬರಲಿ ಅಂತ ಒಂದೇ ಜಾಗದಲ್ಲಿ ನಾಲ್ಕೈದು ಸಲ ಒಣಗಲೇ ಕೆರೆಸಿಕೊಳ್ಳುತ್ತಾರೆ. ಯಶ್ ಗಡ್ಡ ಬರಲಿ ಬಿಡಲಿ, ಗೆರೆ ಉದ್ದಕ್ಕೂ ಗುಳ್ಳೆ ಮಾತ್ರ ಬರುತ್ತೆ.

"ಇಪ್ಪತ್ತು ವರ್ಷದಿಂದ ಮೂರು ಸುತ್ತು ಹೊಡೆಸ್ತಿದೀನಿ, ನಂಗೇನೂ ಆಗಿಲ್ಲ" ಅನ್ನುವವರಿಗೆ ಒಂದೇ ಪ್ರಶ್ನೆ. ಏನೂ ಆಗಿಲ್ಲ ಅಂತ ಹೇಗೆ ಗೊತ್ತು? ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿದ್ದೀರಾ? ನಮ್ಮ ದೇಶದಲ್ಲಿ ಮಕ್ಕಳಿಗೆ ಈ ಲಸಿಕೆ ಎಲ್ಲ ರಾಜ್ಯಗಳಲ್ಲಿ ಕೊಡಲು ಶುರುವಾದದ್ದು 2011ರಲ್ಲಿ. ಅಂದರೆ ಇವತ್ತು ಅಂಗಡಿಯ ಕುರ್ಚಿಯಲ್ಲಿ ಗಡ್ಡ ತೆಗೆಸಲು ಕೂರುವ ಗಂಡಸರಲ್ಲಿ ಬಹುತೇಕರಿಗೆ, ನನ್ನ ವಯಸ್ಸಿನವರಿಗೆ ಅಂತೂ, ಚಿಕ್ಕಂದಿನಲ್ಲಿ ಅದು ಬಿದ್ದೇ ಇಲ್ಲ. ನಿಮ್ಮ ಮನೆಯ ಅಂಗನವಾಡಿ ಮಗುವಿಗೆ ಇರುವ ರಕ್ಷಣೆ ನಿಮಗಿಲ್ಲ. ಹೆಪಟೈಟಿಸ್ ಪರೀಕ್ಷೆ ಮತ್ತು ಚಿಕಿತ್ಸೆ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತವಾಗಿ ಸಿಗಲಿ ಅಂತಲೇ 2018ರ ಜುಲೈ 28ರಂದು ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿದೆ. ಮೆಗ್ಗಾನ್‌ಗೆ ಬೇರೆ ಕೆಲಸಕ್ಕೆ ಹೋದಾಗ ಒಂದು ಮಾತು ವಿಚಾರಿಸಿ. ದೊಡ್ಡವರಿಗೆ ಲಸಿಕೆ ಮೂರು ಡೋಸ್: ಮೊದಲನೆಯದು, ಅದಾದ ಒಂದು ತಿಂಗಳಿಗೆ ಎರಡನೆಯದು, ಮೊದಲನೆಯದಾಗಿ ಆರು ತಿಂಗಳಿಗೆ ಮೂರನೆಯದು. ಮೂರು ಸಲ ಚುಚ್ಚಿಸಿಕೊಳ್ಳಲೇಬೇಕು ಅನ್ನುವ ಹಠ ಇದ್ದರೆ ಅಲ್ಲಿ ತೀರಿಸಿಕೊಳ್ಳಿ.

ಈ ಲಸಿಕೆ ನಮಗಿಂತ ಮೊದಲು ಸಿಗಬೇಕಾದ್ದು ಅಂಗಡಿಯಲ್ಲಿ ದಿನವಿಡೀ ಬ್ಲೇಡ್ ಮುರಿಯುವವರಿಗೆ. ದಿನಕ್ಕೆ ಹತ್ತಾರು ಬ್ಲೇಡ್ ಮುರಿದು, ಒರೆಸಿ, ತೆಗೆಯುವ ಬೆರಳು ಅದು. ಗಿರಾಕಿಯ ರಕ್ತ ಮೊದಲು ತಾಗುವುದು ಅವರಿಗೇ. ಆಸ್ಪತ್ರೆ ಸಿಬ್ಬಂದಿಗೆ ಇದನ್ನು ಕೊಡಿಸುವ ಸರ್ಕಾರ ಕ್ಷೌರಿಕರಿಗೂ ತಾಲ್ಲೂಕಿಗೊಂದು ಶಿಬಿರ ಮಾಡಿ ಕೊಡಲಿ. ಅಂಗಡಿಗಳು ಮುಚ್ಚಿರುವ ಮಂಗಳವಾರ ಮಾಡಿದರೆ ಎಲ್ಲರೂ ಬರಬಹುದು. ಜಯಂತಿಯ ಮೆರವಣಿಗೆಗೆ ಬರುವ ಶಾಸಕರು ಇದನ್ನು ಮಾಡಿಸಲು ಆಗಲ್ಲ ಅನ್ನುವ ಹಾಗಿಲ್ಲ.

ಕೊನೆಯದಾಗಿ ಅಂಗಡಿಯವರಿಗೇ ಒಂದು ಮಾತು. ತೆಗೆದ ಬ್ಲೇಡನ್ನು ಕೂದಲು ಗುಡಿಸಿದ ಕಸದ ಜೊತೆ ಹಾಕಬೇಡಿ, ಚರಂಡಿಗೂ ಎಸೆಯಬೇಡಿ. ಬೆಳಿಗ್ಗೆ ಪಾಲಿಕೆಯ ಗಾಡಿ ಬಂದಾಗ ಆ ಕಸವನ್ನು ಕೈ ಹಾಕಿ ಬೇರೆ ಮಾಡುವವರು ಪೌರಕಾರ್ಮಿಕರು. ಎಷ್ಟೋ ಜನರ ಕೈಯಲ್ಲಿ ಸರಿಯಾದ ಗ್ಲೌಸ್ ಇರಲ್ಲ, ಇದ್ದರೂ ಬ್ಲೇಡಿಗೆ ಅದು ಲೆಕ್ಕಕ್ಕಿಲ್ಲ. ಖಾಲಿ ಫೋಮ್ ಡಬ್ಬಿಗೆ ಪಕ್ಕದಲ್ಲಿ ಸೀಳು ಹಾಕಲು ಹೋಗಬೇಡಿ, ಒಳಗೆ ಗ್ಯಾಸ್ ಉಳಿದಿರುತ್ತೆ. ಗಟ್ಟಿ ಪ್ಲಾಸ್ಟಿಕ್ ಎಣ್ಣೆ ಕ್ಯಾನ್ ಒಂದನ್ನು ಕನ್ನಡಿ ಕೆಳಗೆ ಇಟ್ಟು, ಹಳೇ ಬ್ಲೇಡ್ ಎಲ್ಲ ಅದರೊಳಗೆ ಬೀಳಿಸಿ. ತುಂಬಿದ ಮೇಲೆ ಮುಚ್ಚಳ ಬಿಗಿದು, ಮೇಲೆ 'ಬ್ಲೇಡ್' ಅಂತ ದಪ್ಪಗೆ ಬರೆದು, ಗಾಡಿಯವರ ಕೈಗೆ ಹೇಳಿಯೇ ಕೊಡಿ.